ಮನೆಯಲ್ಲೇ ಗಾಡಿ ಚಾರ್ಜ್ ಮಾಡಲು ಯಾರ ಅನುಮತಿ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆ ಈಗ ಕರೆಂಟಿನ ಸ್ಕೂಟರ್ ಸಾಮಾನ್ಯ. ಕಾರುಗಳೂ ಬರುತ್ತಿವೆ. ಗಾಡಿ ತಂದವರು ಮೊದಲು ಕೇಳುವುದು ಒಂದೇ: ಮನೆಯಲ್ಲಿ ಚಾರ್ಜರ್ ಹಾಕಿಸಲು ಲೈಸೆನ್ಸ್ ಬೇಕಾ?

ಬೇಡ. ನಿಮ್ಮ ಗಾಡಿಯನ್ನು ನಿಮ್ಮ ಮನೆಯ ಈಗಿನ ಸಂಪರ್ಕದಿಂದಲೇ ಚಾರ್ಜ್ ಮಾಡಬಹುದು. ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯೇ ಇದನ್ನು ಸ್ಪಷ್ಟವಾಗಿ ಹೇಳಿತ್ತು. ದರವೂ ಮನೆ ಬಳಕೆಯದ್ದೇ.

ಆದರೆ ಲೋಡ್ ಎಂಬ ಮಾತಿದೆ, ಅಂದರೆ ಮನೆ ಒಟ್ಟಿಗೆ ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿ. ನಿಮ್ಮ ಬೆಸ್ಕಾಂ ಕರೆಂಟ್ ಬಿಲ್ ತೆಗೆದು ನೋಡಿ. ನಿಮ್ಮ ಸಂಪರ್ಕದ ಗುರುತಿನ ಆರ್‌ಆರ್ ನಂಬರ್ ಜೊತೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಹಳೇ ಮನೆಗಳಲ್ಲಿ ಅದು ಒಂದೋ ಎರಡೋ ಇರುತ್ತದೆ. ಸ್ಕೂಟರ್ ಚಾರ್ಜರ್ ಒಂದು ಕಿಲೋವ್ಯಾಟಿನ ಆಸುಪಾಸು ಎಳೆಯುತ್ತದೆ, ಚಿಂತೆಯಿಲ್ಲ. ಕಾರಿನ ಜೊತೆ ಬರುವ ಚಾರ್ಜರ್ ಸುಮಾರು 3.3 ಕಿಲೋವ್ಯಾಟ್. ಗೋಡೆಗೆ ಹಾಕುವ ದೊಡ್ಡದು 7.2. ಅದರ ಮೇಲೆ ಗೀಸರ್, ಮೋಟರ್, ಮಿಕ್ಸಿ ಬೇರೆ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೂರಿಸುವಾಗ ನೋಡುವುದು ಮನೆಮನೆಗೆ ಬರೆಸಿಕೊಂಡ ಈ ಲೋಡನ್ನೇ. ನಾವು ಹೇಳದೆ ಎಳೆದರೆ ವೋಲ್ಟೇಜ್ ಬೀಳುವುದು ಪಕ್ಕದ ಮನೆಯವರಿಗೂ. ಹಾಗಾಗಿ ಕಾರು ತರುವ ಮೊದಲೇ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ, ಬೆಸ್ಕಾಂ ಉಪವಿಭಾಗ ಕಚೇರಿಗೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿಸಿ. ನಿಜವಾಗಿ ಬೇಕಾದ ಅನುಮತಿ ಇದೊಂದೇ.

ಇನ್ನು ಗೃಹಜ್ಯೋತಿ, ಮನೆಗೆ ಉಚಿತ ಕರೆಂಟ್ ಕೊಡುವ ಯೋಜನೆ. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು, ಅಲ್ವಾ? ಸ್ಕೂಟರ್ ತಿಂಗಳಿಗೆ 600 ಕಿಲೋಮೀಟರ್ ಓಡಿದರೂ ಸುಮಾರು 20 ಯೂನಿಟ್ ಸಾಕು. ಕಾರು ಹಾಗಲ್ಲ. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಅಂದುಕೊಂಡರೂ ಸಾವಿರ ಕಿಲೋಮೀಟರಿಗೆ 140 ಯೂನಿಟ್ ಮೇಲಾಯಿತು. ಮನೆಯ ಬಳಕೆ 80 ಇದ್ದರೆ ಒಟ್ಟು 220. ಗೃಹಜ್ಯೋತಿ ಹೋಯಿತು.

ಇದಕ್ಕೆ ದಾರಿಯಿದೆ. ಗಾಡಿ ಚಾರ್ಜಿಗೆಂದೇ ಬೇರೆ ಸಂಪರ್ಕ ಕೇಳುವ ಹಕ್ಕು 2024ರ ಫೆಬ್ರವರಿಯಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಲ್ಲಿದೆ. ಅರ್ಜಿ ಸರಿಯಿದ್ದು, ಹೊಸ ಲೈನ್ ಎಳೆಯುವ ಕೆಲಸ ಇಲ್ಲದಿದ್ದರೆ ನಮ್ಮಂಥ ಊರುಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕು. ಬೇರೆ ಮೀಟರಿಗೆ ಪ್ರತಿ ತಿಂಗಳು ನಿಗದಿತ ಶುಲ್ಕ ಇರುತ್ತದೆ ಎನ್ನುವುದು ಮರೆಯಬೇಡಿ. ಬರೀ ಸ್ಕೂಟರ್ ಇದ್ದವರಿಗೆ ಸುಮ್ನೆ ಖರ್ಚು. ಕಾರಿನವರು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಕಾಗದಪತ್ರಕ್ಕಿಂತ ನನಗೆ ಜಾಸ್ತಿ ಚಿಂತೆ ಅರ್ಥಿಂಗಿನದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿಯದು. ಹಳೇ ಮನೆಗಳ ಎಷ್ಟೋ ಸಾಕೆಟ್ಟುಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಚಾರ್ಜರಿನಲ್ಲಿ ಕೆಂಪು ದೀಪ ಬಂದು ನಿಂತರೆ ಅದು ಸುಮ್ಮನೆ ಹಟ ಮಾಡುತ್ತಿಲ್ಲ, ನಿಮ್ಮ ಜೀವ ಕಾಯುತ್ತಿದೆ. ಅರ್ಥ್ ಇಲ್ಲದೆಯೂ ಓಡುವ ಹಾಗೆ ಮಾಡಿಕೊಡುತ್ತೇನೆ ಎನ್ನುವವರನ್ನು ದಯವಿಟ್ಟು ಒಳಗೆ ಬಿಡಬೇಡಿ. ಚಿತ್ರದುರ್ಗದ ಕಡೆ ನೆಲ ಕಲ್ಲು, ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ಒಣ ನೆಲ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಅರ್ಥಿಂಗ್ ಗುಂಡಿ ಆಳವಾಗಿರಲಿ, ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ಆಗಾಗ ನೀರು ಬಿಡಿ, ವರ್ಷಕ್ಕೊಮ್ಮೆ ಅಳೆಸಿ. ಚಾರ್ಜರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ವೈರ್ ಬರಲಿ. 16 ಆಂಪ್ ಸಾಕೆಟ್ಟಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿ, ಜೊತೆಗೆ ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು, ಚರಂಡಿ ದಾಟಿಸಿ ರಸ್ತೆಯಲ್ಲಿ ನಿಂತ ಗಾಡಿಗೆ ಕೊಡುವುದಂತೂ ಬೇಡವೇ ಬೇಡ. ಮಕ್ಕಳು, ದನಕರು ಓಡಾಡುವ ಜಾಗ ಅದು.

ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಹಳ್ಳಿಯವರಿಗೂ ಒಂದು ಮಾತು. ಜಗಳೂರು, ಹಿರಿಯೂರು ಕಡೆಯ ತೋಟಗಳಲ್ಲಿ ಪಂಪ್‌ಸೆಟ್ ಮನೆಯಲ್ಲೇ ಸ್ಕೂಟರ್ ಹಾಕಿಬಿಡೋಣ ಅನಿಸಬಹುದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟ್ ಇರುವುದು ನೀರೆತ್ತಲು ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಕಟ್ಟಿಸಿಕೊಳ್ಳಬಹುದು. ಮನೆ ಮೀಟರಿನಿಂದ ಬೇರೆಯವರ ಗಾಡಿಗೆ ಹಣ ಪಡೆದು ಚಾರ್ಜ್ ಮಾಡಿಕೊಟ್ಟರೂ ಇದೇ ಕಲಮು. ಅಂಥ ವ್ಯಾಪಾರ ಮಾಡುವ ಆಸೆ ಇದ್ದರೆ ಅದಕ್ಕೂ ಲೈಸೆನ್ಸ್ ಬೇಕಿಲ್ಲ, ಚಾರ್ಜಿಂಗ್ ಕೇಂದ್ರದ ಸಂಪರ್ಕ ಕೇಳಿ ಪಡೆಯಿರಿ.

ಸಂದೇಹವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಆರ್‌ಆರ್ ನಂಬರ್ ಕೈಯಲ್ಲಿರಲಿ. ನಮಸ್ಕಾರ.