ಪೈಲಟ್‌ಗೆ ಅವಸರ ಮಾಡಬೇಡಿ

ಕೇಳುಗರಿಗೆ ನಮಸ್ಕಾರ. ಚಿಕ್ಕಬಳ್ಳಾಪುರದವರಿಗೆ ವಿಮಾನ ಅಪರೂಪವಲ್ಲ, ದೇವನಹಳ್ಳಿ ಪಕ್ಕದಲ್ಲೇ ಇದೆ. ಏರ್ ಆಂಬುಲೆನ್ಸ್ ಬಗ್ಗೆ ನನ್ನನ್ನು ವಿಚಾರಿಸುವವರದೆಲ್ಲ ಒಂದೇ ಪ್ರಶ್ನೆ: "ಎಷ್ಟು ಬೇಗ ಹೊರಡುತ್ತೆ ಸಾರ್?" ನನ್ನ ಉತ್ತರವೂ ಒಂದೇ. ಪೈಲಟ್‌ಗೆ ಅವಸರ ಮಾಡಬೇಡಿ.

ವಿಮಾನ ಮೇಲೇಳುವಾಗ ಟ್ಯಾಂಕ್ ತುಂಬ ಇಂಧನ ಇರುತ್ತದೆ. ತಪ್ಪು ತಿದ್ದಿಕೊಳ್ಳುವಷ್ಟು ಎತ್ತರ ಇರುವುದಿಲ್ಲ. ರನ್‌ವೇಯಲ್ಲಿ ಓಡುವಾಗ ವಿ-ಒನ್ ಅನ್ನುವ ಒಂದು ವೇಗವಿದೆ. ಅದಕ್ಕೆ ಮುಂಚೆ ತೊಂದರೆ ಕಂಡರೆ ಬ್ರೇಕ್ ಹಾಕಬಹುದು. ದಾಟಿದ ಮೇಲೆ ಏಳಲೇಬೇಕು. ಬಸ್ಸಾದರೆ ಪಕ್ಕಕ್ಕೆ ಹಾಕಿ ನಿಲ್ಲಿಸಬಹುದು, ಇಲ್ಲಿ ಆಗಲ್ಲ. ಅದಕ್ಕೇ ನೋಡುವುದನ್ನೆಲ್ಲ ಹೊರಡುವ ಮುಂಚೆಯೇ ನೋಡಬೇಕು.

2020ರ ಮಾರ್ಚ್ 29ರಂದು ಮನಿಲಾದಲ್ಲಿ, ಜಪಾನಿಗೆ ಹೊರಟಿದ್ದ ಆಂಬುಲೆನ್ಸ್ ಜೆಟ್ ರನ್‌ವೇ ತುದಿಯಲ್ಲೇ ಹೊತ್ತಿ ಉರಿಯಿತು. ಎಂಟೂ ಜನ ಹೋದರು. 2025ರ ಜನವರಿ 31ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಿಯರ್‌ಜೆಟ್ ಅನ್ನುವ ಆಂಬುಲೆನ್ಸ್ ವಿಮಾನವೊಂದು ಎದ್ದು ಸುಮಾರು ಒಂದು ನಿಮಿಷದಲ್ಲೇ ಊರಿನ ಮೇಲೆ ಬಿತ್ತು. ಚಿಕಿತ್ಸೆ ಮುಗಿಸಿ ಮನೆಗೆ ಹೊರಟಿದ್ದ ಹುಡುಗಿ ಅದರಲ್ಲಿದ್ದಳು. ಒಳಗಿದ್ದ ಆರು ಜನರಲ್ಲಿ ಯಾರೂ ಉಳಿಯಲಿಲ್ಲ. ಪೈಲಟ್‌ಗಳ ಮಾತು ದಾಖಲಿಸುವ ಪೆಟ್ಟಿಗೆ ತೆಗೆದು ನೋಡಿದರೆ ಆ ಹಾರಾಟವೇ ಅದರಲ್ಲಿಲ್ಲ! ಕೋಪ ಬರುತ್ತೆ, ಅಲ್ವಾ?

ನಾಗಪುರದ ಕಥೆ ಹೇಳದೆ ನಾನು ಏಳುವವನಲ್ಲ. 2021ರ ಮೇ 6, ಕೋವಿಡ್ ಎರಡನೇ ಅಲೆ. ಪುಟ್ಟ ಬೀಚ್‌ಕ್ರಾಫ್ಟ್, ಜೆಟ್ ಅಲ್ಲ, ಪ್ರೊಪೆಲ್ಲರ್‌ನದು. ಹೈದರಾಬಾದಿಗೆ ಹೊರಟಿತ್ತು. ಒಬ್ಬ ರೋಗಿ, ಒಬ್ಬ ಬಂಧು, ಒಬ್ಬ ಡಾಕ್ಟರ್, ಇಬ್ಬರು ಸಿಬ್ಬಂದಿ. ನೆಲ ಬಿಡುವಾಗ ಚಕ್ರವೊಂದು ಕಳಚಿ ಬಿತ್ತು! ಕಾವಲಿಗಿದ್ದ ಸಿಐಎಸ್‌ಎಫ್‌ನವರೊಬ್ಬರು ಕಂಡು ಕೂಡಲೇ ತಿಳಿಸಿದರು. ನಾವಾಗಿದ್ದರೆ "ಬೇಗ ಇಳಿಸಪ್ಪಾ" ಅಂತ ಕೂಗುತ್ತಿದ್ದೆವು. ಪೈಲಟ್ ಅಲ್ಲಿ ಇಳಿಸಲಿಲ್ಲ, ಮುಂಬೈ ಕಡೆ ತಿರುಗಿಸಿದರು. ಅಷ್ಟೊತ್ತಿಗೆ ಮುಂಬೈಯಲ್ಲಿ ರನ್‌ವೇಗೆ ನೊರೆ ಹಾಕಿ ಕಾದಿದ್ದರು. ಚಕ್ರದ ಆಸೆ ಬಿಟ್ಟು ಹೊಟ್ಟೆಯ ಮೇಲೇ ಇಳಿಸಿದರು ನೋಡಿ! ಐದೂ ಜನ ಕ್ಷೇಮ.

ಹೊರದೇಶದ ಕೆಲವು ಸೇವೆಗಳಲ್ಲಿ ರೋಗಿ ಮಗುವೋ ಮುದುಕರೋ ಅಂತಲೂ ಪೈಲಟ್‌ಗೆ ಹೇಳುವುದಿಲ್ಲ. ಹವಾಮಾನ, ತೂಕ, ಎಂಜಿನ್ ಇಷ್ಟನ್ನೇ ನೋಡಿ ತೀರ್ಮಾನಿಸಲಿ ಅಂತ. ನೀವೂ ಅವರ ಮುಂದೆ ಹೋಗಿ ಅಳಬೇಡಿ, ಫೋನ್ ಮಾಡಿಸಬೇಡಿ. ಅವಸರವೇನಿದ್ದರೂ ಡಾಕ್ಟರ ಹತ್ತಿರ.

ಗಾಜಿನಾಚೆ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಇನ್ನೊಂದೇ ಮಾತು. ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು, ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ರೋಗಿ ಹಾರಬಹುದು ಅಂತ ಡಾಕ್ಟರ ಕೈಲಿ ಬರೆಸಿಕೊಂಡೇ ಹೊರಡಿ. ನಮಸ್ಕಾರ.