ಕಪ್ಪು ಪರದೆಯ ಹಿಂದೆ ಕರ್ನಲ್ ಆಡುವ ಮಾತು

ಕೇಳುಗರಿಗೆ ನಮಸ್ಕಾರ. ಮಳೆಗಾಲದಲ್ಲಿ ಶಿರಸಿ ಸೀಮೆಯ ತೋಟಗಳಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ, ಪಂಪಿನ ಉಸ್ತುವಾರಿಗೆಂದು ಕೂರಿಸಿದ ಲಿನಕ್ಸ್ ಬೋರ್ಡು, ಅಂದರೆ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರು, ಒಮ್ಮೊಮ್ಮೆ ಮತ್ತೆ ಏಳುವುದೇ ಇಲ್ಲ. ಪರದೆ ಕಪ್ಪಗಿದ್ದರೆ ಬೋರ್ಡೇ ಸುಟ್ಟಿತೆಂದು ನಿರ್ಧರಿಸಿಬಿಡುತ್ತಾರೆ. ಆ ತೀರ್ಮಾನ ಆತುರದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಸಂದೇಶಗಳನ್ನು ಪ್ರಿಂಟ್‌ಕೆ ಎಂಬ ಫಂಕ್ಷನ್ ಮೂಲಕ ಮೊದಲು ಮೆಮೊರಿಯ ಒಂದು ತಾತ್ಕಾಲಿಕ ಜಾಗವಾದ ಬಫರ್‌ನಲ್ಲಿ ಬರೆದಿಡುತ್ತದೆ. ಅವನ್ನು ಹೊರಗೆ ತೋರಿಸುವ ಕನ್ಸೋಲ್ ಸಿದ್ಧವಾಗುವುದು ಇಂಟರಪ್ಟ್ (ಸಾಧನಗಳು ಪ್ರೊಸೆಸರನ್ನು ಕರೆಯುವ ಸಂಕೇತ), ಗಡಿಯಾರ ಮುಂತಾದ ವ್ಯವಸ್ಥೆಗಳು ನೆಲೆಗೊಂಡ ನಂತರವೇ. ಅಷ್ಟರೊಳಗೆ ಕರ್ನಲ್ ನಿಂತುಹೋದರೆ, ನಿಂತ ಕಾರಣವೂ ಬಫರ್‌ನಲ್ಲೇ ಉಳಿದುಹೋಗುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಅರ್ಲಿಕಾನ್ ಎಂಬ ಬೂಟ್ ಆಯ್ಕೆ, ಅಂದರೆ ಕರ್ನಲ್ ಏಳುವಾಗ ಅದಕ್ಕೆ ಕೊಡುವ ಸೂಚನೆ, ಇದೆ. ಅದು ಪೂರ್ಣ ಡ್ರೈವರ್‌ಗಾಗಿ ಕಾಯದೆ ತಂತಿಯ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಕಳಿಸುವ ಸೀರಿಯಲ್ ಚಿಪ್ಪಿನ ರಿಜಿಸ್ಟರಿಗೇ, ಅಂದರೆ ಅದರೊಳಗಿನ ಪುಟ್ಟ ಖಾನೆಗೇ, ನೇರವಾಗಿ ಬರೆಯುತ್ತದೆ. ಹಳೆಯ ಪೀಸಿಗಳ 16550 ಮಾದರಿಯ ಚಿಪ್ಪಿನಲ್ಲಿ ಒಂದು ಅಕ್ಷರವನ್ನು ಕಳಿಸಿ, ಅದು ಹೊರಟಿತೆಂದು ಲೈನ್ ಸ್ಟೇಟಸ್ ರಿಜಿಸ್ಟರ್ ತಿಳಿಸುವವರೆಗೂ ಕಾದು, ಮುಂದಿನದನ್ನು ಕಳಿಸುವುದಷ್ಟೇ ಅದರ ಕೆಲಸ. ಇಂಟರಪ್ಟಿನ ಹಂಗಿಲ್ಲದ್ದರಿಂದ ಅದು ಅಷ್ಟು ಬೇಗ ಮಾತಾಡಬಲ್ಲದು.

ರಾಸ್ಪ್‌ಬೆರಿ ಪೈ ಬೋರ್ಡಾದರೆ 6ನೆಯ ಪಿನ್ನಿಗೆ ಗ್ರೌಂಡ್, 8 ಮತ್ತು 10ನೆಯ ಪಿನ್ನುಗಳಿಗೆ ಸೀರಿಯಲ್ ತಂತಿಗಳನ್ನು ಅದಲುಬದಲಾಗಿ (ಕಳಿಸುವ ಪಿನ್ನಿಗೆ ಆ ಕಡೆಯ ಸ್ವೀಕರಿಸುವ ತಂತಿ) ಜೋಡಿಸಬೇಕು; ಇವನ್ನು ಕಂಪ್ಯೂಟರಿಗೆ ಸೇರಿಸುವ ಅಡಾಪ್ಟರು 3.3 ವೋಲ್ಟಿನದೇ ಆಗಿರಬೇಕು, 5 ವೋಲ್ಟ್ ಕೊಟ್ಟರೆ ಪಿನ್ನು ಹಾಳಾದೀತು. ಕಾರವಾರದ ಉಪ್ಪುಗಾಳಿಗೆ ಪಿನ್ನುಗಳು ಕಿಲುಬು ಹಿಡಿಯುವುದರಿಂದ ಮೊದಲು ಅವನ್ನು ಒರೆಸಿಕೊಳ್ಳಿ. ಸಂದೇಶ ತೋರಿಸುವ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ನಿರಾಶರಾಗಬೇಡಿ. ಆ ಕಡೆಯಿಂದ ಯಾರೋ ಕಳಿಸುತ್ತಿದ್ದಾರೆಂಬುದಂತೂ ಖಾತ್ರಿಯಾಯಿತು; ತಪ್ಪಿರುವುದು ಬಹುಪಾಲು ಎರಡೂ ಕಡೆ ಒಂದೇ ಆಗಿರಬೇಕಾದ ವೇಗ. ಪೀಸಿಯಲ್ಲಿ 18,43,200 ಹರ್ಟ್ಸ್ ಗಡಿಯಾರವನ್ನು 16ರಿಂದ ಭಾಗಿಸಿದರೆ ಸೆಕೆಂಡಿಗೆ 1,15,200 ಬಿಟ್ಟುಗಳ ವೇಗ ಬರುತ್ತದೆ. ಬೇರೆ ಗಡಿಯಾರದ ಬೋರ್ಡಿಗೆ ಇದೇ ಲೆಕ್ಕ ಹಚ್ಚಿದರೆ ಅಕ್ಷರಗಳು ಕೆಡುತ್ತವೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇನ್ನೊಂದು ಘಟ್ಟ. ಸಂದೇಶಗಳು ಸಲೀಸಾಗಿ ಬರುತ್ತಿರುವಾಗ 'ಬೂಟ್‌ಕನ್ಸೋಲ್ ಡಿಸೇಬಲ್ಡ್' ಎಂಬ ಸಾಲು ಮೂಡಿ, ಮುಂದೆ ಎಲ್ಲವೂ ನಿಶ್ಶಬ್ದವಾಗುತ್ತದೆ. ಕರ್ನಲ್ ಅಲ್ಲೇ ಸತ್ತಿತೆಂದು ನೋಡುವವರಿಗೆ ಅನಿಸುವುದು ಸಹಜ. ನಿಜವಾಗಿ ನಡೆದದ್ದೇನೆಂದರೆ, ಖಾಯಂ ಕನ್ಸೋಲ್ ನೋಂದಣಿಯಾದ ಕೂಡಲೇ ತಾತ್ಕಾಲಿಕ ಕನ್ಸೋಲನ್ನು ಕರ್ನಲ್ ಕೈಬಿಟ್ಟಿದೆ. ಆ ಖಾಯಂ ಕನ್ಸೋಲ್ ನೀವು ತಂತಿ ಸಿಕ್ಕಿಸದ ಬೇರೆ ಪೋರ್ಟಿನಲ್ಲಿದ್ದರೆ ಮಾತು ಅಲ್ಲಿಗೆ ಹೋಗುತ್ತಿರುತ್ತದೆ. ಕೀಪ್ ಬೂಟ್‌ಕಾನ್ ಎಂಬ ಆಯ್ಕೆಯನ್ನು ಸೇರಿಸಿದರೆ ಹಳೆಯದೂ ಮುಂದುವರಿಯುತ್ತದೆ. ಎರಡೂ ಒಂದೇ ಪೋರ್ಟಿನಲ್ಲಿದ್ದರೆ ಸಾಲುಗಳು ಎರಡೆರಡು ಸಲ ಕಾಣಿಸಬಹುದು, ಆದರೆ ಕರ್ನಲ್ ನಿಜಕ್ಕೂ ಎಲ್ಲಿ ಎಡವಿತೆಂಬುದು ತಿಳಿಯುತ್ತದೆ.

ದೋಷ ಸಿಕ್ಕ ಮೇಲೆ ಈ ಆಯ್ಕೆಗಳನ್ನು ತೆಗೆದುಹಾಕಿ. 1,15,200ರ ವೇಗದಲ್ಲೂ ಸೆಕೆಂಡಿಗೆ ಸುಮಾರು 11,500 ಅಕ್ಷರಗಳಷ್ಟೇ ಹೊರಬೀಳುವುದರಿಂದ, ಅಕ್ಷರ ಅಕ್ಷರಕ್ಕೂ ಕಾಯುವ ಕರ್ನಲ್ ಏಳುವುದು ತಡವಾಗುತ್ತದೆ.