ತುಂಬಿದ ಜಲಾಶಯಕ್ಕೆ ಬಾಗಿನ, ಖಾಲಿ ಜಾಗಕ್ಕೆ ಏನು?

ನಮಸ್ಕಾರ. ಮಲಪ್ರಭಾ ನದಿಗೆ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರ ಜಲಾಶಯ ತುಂಬಿತೆಂದರೆ ಬಾಗಿನ ಅರ್ಪಿಸುವ ಸಂಭ್ರಮ ನಡೆಯುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ನೀರು ಬರುವುದು ಅಲ್ಲಿಂದಲೇ ಆದ್ದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಮಳೆಗಾಲದ ನಡುವೆಯೇ ಅಂಚಿನವರೆಗೆ ತುಂಬಿ ನಿಂತ ಅಣೆಕಟ್ಟಿಗೆ ಮುಂದಿನ ಪ್ರವಾಹವನ್ನು ತಡೆಯುವ ಶಕ್ತಿ ಉಳಿದಿರುವುದಿಲ್ಲ ಎಂಬುದನ್ನು ನಾವು ಸಂಭ್ರಮದಲ್ಲಿ ಮರೆಯುತ್ತೇವೆ.

ವಿದ್ಯುತ್ತಿನ ಲೆಕ್ಕ ಬೇರೆ, ನೆರೆಯ ಲೆಕ್ಕ ಬೇರೆ. ನೀರು ಎತ್ತರದಲ್ಲಿ ನಿಂತಷ್ಟೂ ಟರ್ಬೈನಿಗೆ ಬಲ ಹೆಚ್ಚು. ಪ್ರವಾಹ ತಡೆಯಲು ಮಾತ್ರ ಜಲಾಶಯದಲ್ಲಿ ಖಾಲಿ ಜಾಗ ಬೇಕು. ಗುಜರಾತಿನ ತಾಪಿ ನದಿಯ ಉಕಾಯಿ ಅಣೆಕಟ್ಟು ಈ ಎರಡನ್ನೂ ಹೊತ್ತಿದೆ; ಅಲ್ಲಿನ ಜಲವಿದ್ಯುತ್ ಸಾಮರ್ಥ್ಯ 300 ಮೆಗಾವ್ಯಾಟ್. 2006ರ ಆಗಸ್ಟ್‌ನಲ್ಲಿ ಮೇಲಿನಿಂದ ಮಹಾಪೂರ ಬಂದಾಗ ಸುಮಾರು 9 ಲಕ್ಷ ಕ್ಯೂಸೆಕ್ ನೀರನ್ನು ಹೊರಬಿಡಬೇಕಾಯಿತು, ಕೆಳಗಿನ ಸೂರತ್ ನಗರದ ಬಹುಭಾಗ ಮುಳುಗಿತು. ಮಳೆಯೇ ಅಸಾಧಾರಣವಾಗಿತ್ತೆಂದು ಒಂದು ಕಡೆಯವರು, ಮೊದಲೇ ಹೆಚ್ಚು ನೀರು ಹಿಡಿದಿಟ್ಟಿದ್ದರೆಂದು ಇನ್ನೊಂದು ಕಡೆಯವರು ವಾದಿಸಿದರು. ನನ್ನ ಮಟ್ಟಿಗೆ ಎರಡನೆಯ ವಾದಕ್ಕೇ ತೂಕ ಹೆಚ್ಚು, ಏಕೆಂದರೆ ಮಳೆ ನಮ್ಮ ಕೈಯಲ್ಲಿಲ್ಲ, ಗೇಟು ಇದೆ.

ನಮ್ಮ ಮಲಪ್ರಭೆಯ ತೊಡಕು ಇನ್ನೂ ಜಟಿಲ. ಸುಮಾರು 37 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ಎಷ್ಟೋ ವರ್ಷ ಪೂರ್ತಿ ತುಂಬುವುದೇ ಇಲ್ಲ; ಹಾಗಿರುವಾಗ ಆಗಸ್ಟ್‌ನಲ್ಲಿ ನೀರು ಬಿಡಿ ಎಂದರೆ ಕಾಲುವೆಯ ಕೊನೆಯಲ್ಲಿರುವ ರೈತ ಒಪ್ಪುವನೆ? ಅವನ ಭಯ ನ್ಯಾಯವಾದದ್ದೇ. ಆದರೆ 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಮನೆ ಬಿಟ್ಟು ಹೊರಬಿದ್ದ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರದ ಜನರೂ ರೈತರೇ. ಬೆಣ್ಣೆಹಳ್ಳವಂತೂ ಅಣೆಕಟ್ಟಿನ ಕೆಳಗೆ ಮಲಪ್ರಭೆಯನ್ನು ಸೇರುವುದರಿಂದ ಅದರ ಪ್ರವಾಹವನ್ನು ನವಿಲುತೀರ್ಥದ ಯಾವ ಗೇಟೂ ತಡೆಯಲಾರದು; ಹಳ್ಳ ಉಕ್ಕಿರುವ ಹೊತ್ತಿಗೇ ಜಲಾಶಯದ ನೀರೂ ಬಂದು ಕೂಡದಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ.

ಆದ್ದರಿಂದ ಜುಲೈನಿಂದ ಅಕ್ಟೋಬರ್‌ವರೆಗೆ ಯಾವ ತಿಂಗಳು ಎಷ್ಟು ಅಡಿ ನೀರು ನಿಲ್ಲಿಸಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬುದನ್ನು ಮಳೆಗೆ ಮುನ್ನವೇ ನಿಗದಿಪಡಿಸಿ, ಹೊಳೆದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಸಬೇಕು. ನೀರಾವರಿ ಸಲಹಾ ಸಮಿತಿಯ ಸಭೆಗೆ ಕಾಲುವೆಯ ರೈತರಷ್ಟೇ ಅಲ್ಲ, ಕೊಣ್ಣೂರಿನವರನ್ನೂ ಕರೆಯಬೇಕು.